ಅಟ್ಟ ಇಳಿಸುವ ಕಾಲ: ಯುಗಾದಿ ಸ್ವಚ್ಛತೆ, ಊರ ಮನೆಯ ಸಾಮಾನು ಮತ್ತು ಬಾಡಿಗೆ ಉಗ್ರಾಣ

ದಾವಣಗೆರೆ: ಯುಗಾದಿಗೆ ಎರಡು ಮೂರು ವಾರ ಇದೆ ಎನ್ನುವಾಗಲೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮನೆಯಂಗಳಗಳು ಸಾಮಾನಿನಿಂದ ತುಂಬತೊಡಗುತ್ತವೆ. ಕೌದಿ, ಹಾಸಿಗೆಗಳು ಬಿಸಿಲಿಗೆ ಬೀಳುತ್ತವೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳು ಹುಣಸೆಹಣ್ಣಿನ ದಾರಿ ಕಾಯುತ್ತವೆ. ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು. ಎಲ್ಲಕ್ಕಿಂತ ಕಠಿಣವಾದ ಕೆಲಸ ಅಟ್ಟ ಇಳಿಸುವುದು. ಏಣಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರು ಮೇಲಿನಿಂದ ಕೊಡುವುದು, ಇನ್ನೊಬ್ಬರು ಕೆಳಗೆ ಹಿಡಿಯುವುದು. ಸಂಜೆಯ ಹೊತ್ತಿಗೆ ದೂಳು ಹೋಗಿರುತ್ತದೆ, ಸಾಮಾನು ಮಾತ್ರ ಬಹುಪಾಲು ಮತ್ತೆ ಅದೇ ಅಟ್ಟವನ್ನು ಸೇರಿರುತ್ತದೆ.

ಹೀಗಾಗಲು ಸೋಮಾರಿತನ ಕಾರಣವಲ್ಲ. ಅಟ್ಟದಲ್ಲಿರುವ ವಸ್ತುಗಳ ಪೈಕಿ ಅನೇಕವು ಆ ಮನೆಯಲ್ಲಿ ಈಗ ವಾಸವಾಗಿರುವವರದ್ದೇ ಅಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಕಂಪ್ಯೂಟರ್ ಮಾನಿಟರ್, ಮದುವೆಯಾಗಿ ಹೋದ ಮಗಳ ಪಿಯುಸಿ ಪುಸ್ತಕ, ಬಾಡಿಗೆ ಮನೆ ಬದಲಿಸಿದಾಗ ಊರಿಗೆ ಕಳುಹಿಸಿದ ಮಂಚ, ಮೊಮ್ಮಗುವಿನ ತೊಟ್ಟಿಲು ಅಲ್ಲಿರುತ್ತವೆ. ಯಜಮಾನರು ಎದುರಿಗಿಲ್ಲದ ವಸ್ತುವನ್ನು ಎಸೆಯಲು ತಂದೆ ತಾಯಿಗೆ ಧೈರ್ಯ ಬರುವುದಿಲ್ಲ. ಯಜಮಾನರಿಗೆ ಅದು ಅಲ್ಲಿದೆ ಎಂಬ ನೆನಪೇ ಇರುವುದಿಲ್ಲ. ನಗರಗಳಲ್ಲಿ ತಿಂಗಳ ಬಾಡಿಗೆ ತೆತ್ತು ಪಡೆಯುವ 'ಸೆಲ್ಫ್ ಸ್ಟೋರೇಜ್' ಸೌಲಭ್ಯವನ್ನು ಊರಿನ ಮನೆ ಹೀಗೆ ಪುಕ್ಕಟೆಯಾಗಿ ಒದಗಿಸುತ್ತ ಬಂದಿದೆ.

ಹಬ್ಬಕ್ಕೆ ಊರಿಗೆ ಹೊರಟಿರುವ ಓದುಗರನ್ನೂ ಊರಿನಲ್ಲೇ ಇರುವವರನ್ನೂ ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಸಂಗ್ರಹಿಸಲಾಗಿದೆ.

ಯುಗಾದಿಗೇ ಏಕೆ?

ಗೌರಿ ಗಣೇಶ ಹಬ್ಬಕ್ಕೂ ಮಹಾನವಮಿಗೂ ದೀಪಾವಳಿಗೂ ಮನೆ ತೊಳೆಯುವ ರೂಢಿ ಇದೆ. ಆದರೆ ಅವು ಮಳೆಗಾಲದ ನಡುವೆ ಅಥವಾ ಅದರ ಬೆನ್ನಿಗೆ ಬರುವ ಹಬ್ಬಗಳು. ಆಗ ಗೋಡೆಯಲ್ಲಿ ತೇವ, ಹೊಲದಲ್ಲಿ ಕೆಲಸ. ಚೈತ್ರ ಶುದ್ಧ ಪಾಡ್ಯ ಬರುವುದು ಮಾರ್ಚ್ ಉತ್ತರಾರ್ಧದಲ್ಲಿ ಅಥವಾ ಏಪ್ರಿಲ್ ಮೊದಲ ಭಾಗದಲ್ಲಿ. ಒಕ್ಕಣೆ ಮುಗಿದಿರುತ್ತದೆ, ಅಡಿಕೆ ಕೊಯ್ಲು ಮುಗಿದಿರುತ್ತದೆ, ಬಿಸಿಲು ಪ್ರಖರವಾಗಿರುತ್ತದೆ, ಮುಂಗಾರಿಗೆ ಇನ್ನೂ ಎರಡು ತಿಂಗಳಿರುತ್ತದೆ. ಬಳಿದ ಸುಣ್ಣ ಒಂದೇ ದಿನದಲ್ಲಿ ಒಣಗುತ್ತದೆ. ಹಾಸಿಗೆಯೊಳಗಿನ ತಿಗಣೆ, ಕಾಳಿನೊಳಗಿನ ನುಸಿ ಬಿಸಿಲಿಗೆ ಹೊರಬೀಳುತ್ತವೆ. ಶಾಸ್ತ್ರಕ್ಕೂ ಹವಾಮಾನಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದ ಹಬ್ಬ ಮತ್ತೊಂದಿಲ್ಲ.

ಧಾನ್ಯಕ್ಕೆ ಕಟ್ಟಿದ ಜಾಗ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಮನೆಗಳನ್ನು ನೋಡಿದರೆ ಈ ಹಳೆಯ ಗಡಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಚನ್ನಗಿರಿ, ನ್ಯಾಮತಿ ಕಡೆ ಇಳಿಜಾರು ಹೆಂಚಿನ ಮಾಡು, ಅದರ ಅಡಿಯಲ್ಲಿ ಮರದ ಅಟ್ಟ. ಬಯಲುಸೀಮೆಯ ಜಗಳೂರಿನ ಕಡೆ ಮಣ್ಣಿನ ಮಾಳಿಗೆ, ದಪ್ಪ ಗೋಡೆ. ಎರಡೂ ಕಡೆ ಮನೆಯ ಒಳ್ಳೆಯ ಜಾಗವನ್ನು ಬಿಟ್ಟುಕೊಟ್ಟಿದ್ದು ಧಾನ್ಯಕ್ಕೆ. ಬಿದಿರಿನ ಕಣಜ, ಮಣ್ಣಿನ ವಾಡೆ, ಗುಡಾಣ, ಮತ್ತು ಒಣ ನೆಲವಿರುವ ಕಡೆ ನೆಲದೊಳಗಿನ ಹಗೇವು. ಮನೆಯವರು ಒಂದು ವರ್ಷ ಉಣ್ಣುವಷ್ಟು ಜೋಳ, ರಾಗಿ, ಭತ್ತ ಅಲ್ಲಿರಬೇಕಿತ್ತು. ಬರ ಬಂದರೆ ಎರಡನೆಯ ವರ್ಷಕ್ಕೂ.

ಈಗ ಅಕ್ಕಿ ಅಂಗಡಿಯಿಂದಲೋ ನ್ಯಾಯಬೆಲೆ ಅಂಗಡಿಯಿಂದಲೋ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಮೆಕ್ಕೆಜೋಳ ಕಣದಿಂದ ನೇರವಾಗಿ ಮಾರುಕಟ್ಟೆಗೆ ಹೋಗುತ್ತದೆ. ಕಣಜ ಬರಿದಾಯಿತು, ಬರಿದಾದ ಜಾಗವನ್ನು ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಮಿಕ್ಸಿ, ಥರ್ಮೋಕೋಲ್ ಸಹಿತವಾದ ಟಿ.ವಿ. ಪೆಟ್ಟಿಗೆ ಆಕ್ರಮಿಸಿದವು. ಹೊಸ ಆರ್‌ಸಿಸಿ ಮನೆಗಳಲ್ಲಿ ಅಟ್ಟದ ಬದಲು ಸಜ್ಜ ಬಂದಿದೆ, ಅಷ್ಟೇ ವ್ಯತ್ಯಾಸ.

ಚನ್ನಗಿರಿಯ ಅಡಿಕೆ ಬೆಳೆಗಾರರ ಮಾತು ಬೇರೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯ ಚೀಲಗಳು ಬೆಲೆ ಏರುವವರೆಗೆ ಒಳಕೋಣೆಯಲ್ಲೇ ಇರುತ್ತವೆ. ಅಲ್ಲಿ ಸಾಮಾನು ತೆರವು ಮಾಡುವುದೆಂದರೆ ಅಂದಕ್ಕಾಗಿ ಮಾಡುವ ಕೆಲಸವಲ್ಲ. ಗೋಡೆಗೂ ಚೀಲಕ್ಕೂ ನಡುವೆ ಗಾಳಿ ಆಡದಿದ್ದರೆ ಬೂಷ್ಟು, ನೆಲಕ್ಕೆ ಹಲಗೆ ಹಾಸದಿದ್ದರೆ ಗೆದ್ದಲು. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ತುಮ್ಕೋಸ್ ಇದೆ. ಬೆಲೆಬಾಳುವ ಫಸಲನ್ನು ಮನೆಯಲ್ಲಿಟ್ಟುಕೊಂಡು ನಿದ್ದೆಗೆಡುವುದಕ್ಕಿಂತ ಸಂಘ, ಮಂಡಿ ಅಥವಾ ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆಯುವುದು ಅಡಿಕೆ ನಾಡಿಗೆ ಹೊಸದಲ್ಲ. ಬಾಡಿಗೆ ಉಗ್ರಾಣದ ತತ್ವವೂ ಇದೇ ಆಗಿದೆ.

ಫಸಲಿನ ಉಗ್ರಾಣ, ಮನೆಸಾಮಾನಿನ ಉಗ್ರಾಣ

ಕರ್ನಾಟಕ ರಾಜ್ಯ ಉಗ್ರಾಣ ನಿಗಮ ಮತ್ತು ಕೇಂದ್ರ ಉಗ್ರಾಣ ನಿಗಮ ಎರಡೂ 1957ರಲ್ಲಿ ಸ್ಥಾಪನೆಯಾದವು. ಇಲ್ಲಿ ಕೃಷಿ ಉತ್ಪನ್ನವನ್ನು ತೂಗಿ, ಗುಣಮಟ್ಟ ದಾಖಲಿಸಿ, ರಸೀದಿ ನೀಡಲಾಗುತ್ತದೆ. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯಡಿ ನೋಂದಾಯಿತ ಉಗ್ರಾಣ ನೀಡುವ ವರ್ಗಾವಣೀಯ ರಸೀದಿಯ ಆಧಾರದ ಮೇಲೆ ಬ್ಯಾಂಕ್ ಸಾಲವನ್ನೂ ಪಡೆಯಬಹುದು. ಮೆಕ್ಕೆಜೋಳ ಇಡುವವರು ತೇವಾಂಶ ಶೇ 14ಕ್ಕಿಂತ ಹೆಚ್ಚಿರದಂತೆ ಒಣಗಿಸಿರಬೇಕು. ಜಗಳೂರಿನ ಈರುಳ್ಳಿ ಬೆಳೆಗಾರರಿಗೆ ಈ ದಾರಿ ಹೆಚ್ಚು ಉಪಯೋಗಕ್ಕೆ ಬಾರದು. ಮುಂಗಾರಿನ ಈರುಳ್ಳಿ ಹಿಂಗಾರಿನದರಂತೆ ತಿಂಗಳುಗಟ್ಟಲೆ ತಾಳುವುದಿಲ್ಲ.

ಮನೆಸಾಮಾನು ಇಡುವ 'ಸೆಲ್ಫ್ ಸ್ಟೋರೇಜ್' ವ್ಯಾಪಾರ 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದಲ್ಲಿ ಈಗಿನ ರೂಪ ಪಡೆಯಿತು. ಸಾಲಾಗಿ ಕಟ್ಟಿದ ಕೊಠಡಿಗಳು, ಪ್ರತಿಯೊಂದಕ್ಕೂ ಷಟರ್ ಬಾಗಿಲು, ಬಾಡಿಗೆದಾರನದೇ ಬೀಗ. ಬೆಂಗಳೂರಿನಲ್ಲಿ 2010ರ ದಶಕದಲ್ಲಿ ಇದು ಬೇರೂರಿತು. ವಿದೇಶಕ್ಕೆ ಎರಡು ವರ್ಷದ ಮಟ್ಟಿಗೆ ಹೋಗುವ ಉದ್ಯೋಗಿಗಳು, ಮನೆ ದುರಸ್ತಿಗೆ ಕೊಟ್ಟವರು, ಒಂದು ಬಾಡಿಗೆ ಮನೆ ಬಿಟ್ಟು ಇನ್ನೊಂದು ಸಿಗುವ ಮೊದಲು ಅತಂತ್ರರಾದವರು ಇದರ ಗಿರಾಕಿಗಳು. ಇದು ಮುಖ್ಯವಾಗಿ ಮಹಾನಗರಗಳ ವ್ಯಾಪಾರ. ಚನ್ನಗಿರಿ, ಹೊನ್ನಾಳಿಯಂಥ ಊರುಗಳಲ್ಲಿ ಮನೆ ಕಟ್ಟಿಸುವಾಗ ಪಕ್ಕದ ಖಾಲಿ ಮನೆಯನ್ನೋ ಮುಖ್ಯರಸ್ತೆಯ ಮಳಿಗೆಯನ್ನೋ ಆರು ತಿಂಗಳಿಗೆ ಹಿಡಿಯುವುದು ರೂಢಿ.

ವ್ಯವಸ್ಥೆಯಲ್ಲಿ ಎರಡು ಬಗೆಯಿದೆ. ಒಂದರಲ್ಲಿ ಕೊಠಡಿಯ ಕೀಲಿ ನಿಮ್ಮ ಬಳಿಯೇ ಇರುತ್ತದೆ, ಒಳಗಿರುವುದರ ಹೊಣೆಯೂ ಬಹುಮಟ್ಟಿಗೆ ನಿಮ್ಮದೇ. ಇನ್ನೊಂದರಲ್ಲಿ ಸಂಸ್ಥೆಯವರು ಲಾರಿ ತಂದು, ಪಟ್ಟಿ ಮಾಡಿ, ಕಟ್ಟಿ, ಒಯ್ದು ತಮ್ಮ ಗೋದಾಮಿನಲ್ಲಿಡುತ್ತಾರೆ. ಎರಡನೆಯದನ್ನು 1872ರ ಭಾರತೀಯ ಕರಾರು ಕಾಯ್ದೆಯ ನಿಕ್ಷೇಪದ ನಿಯಮಗಳ ಬೆಳಕಿನಲ್ಲಿ ನೋಡಬೇಕು. ವಿವೇಕಿಯೊಬ್ಬ ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಇಟ್ಟುಕೊಂಡವನು ಕಾಯತಕ್ಕದ್ದು ಎಂದು ಅದರ 151ನೇ ಕಲಂ ಹೇಳುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಕರಾರಿನಲ್ಲಿ ನಷ್ಟಭರ್ತಿಯ ಮಿತಿ ಎಷ್ಟು, ವಿಮೆ ಯಾರ ಹೆಸರಿನಲ್ಲಿದೆ, ಬಾಡಿಗೆ ಬಾಕಿಯಾದರೆ ಎಷ್ಟು ತಿಂಗಳ ನಂತರ ಸಾಮಾನು ಮಾರಲಾಗುತ್ತದೆ ಎಂಬುದನ್ನು ಓದಬೇಕು. ಮರಳಿ ತರಿಸುವ ಸಾಗಣೆ ವೆಚ್ಚವನ್ನು ಕೇಳಲು ಜನ ಮರೆಯುತ್ತಾರೆ.

ಕೃಷಿ ಉತ್ಪನ್ನವನ್ನು ಉಗ್ರಾಣದಲ್ಲಿಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ, ಮನೆಸಾಮಾನಿಗೆ ಶೇ 18 ತೆರಿಗೆ ಬೀಳುತ್ತದೆ. ತಿಂಗಳಿಗೆ 1,500 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 54,000, ತೆರಿಗೆ ಸೇರಿ 63,720 ರೂಪಾಯಿ. ಇಟ್ಟದ್ದು ಹಳೆಯ ಸೋಫಾ ಮತ್ತು ಹತ್ತು ವರ್ಷದ ವಾಷಿಂಗ್ ಮೆಷಿನ್ ಆಗಿದ್ದರೆ ಈ ಲೆಕ್ಕವನ್ನು ಇನ್ನೊಮ್ಮೆ ಮಾಡುವುದು ಲೇಸು. ವಸ್ತು ಮರಳಿ ಬೇಕಾಗುವ ತಿಂಗಳನ್ನು ಹೇಳಬಲ್ಲವರಿಗೆ ಮಾತ್ರ ಬಾಡಿಗೆ ಉಗ್ರಾಣ ಲಾಭದಾಯಕ ಎಂಬುದು ಈ ವರದಿಗಾರನ ಅಭಿಪ್ರಾಯ. 'ಇರಲಿ ಬಿಡು, ಯಾವತ್ತಾದರೂ ಬೇಕಾದೀತು' ಎಂಬ ವರ್ಗದ ಸಾಮಾನಿಗೆ ಅದು ದುಬಾರಿ ಅಟ್ಟ.

ಮಕ್ಕಳು ಬಂದಾಗಲೇ

ಆದರೆ ಊರ ಅಟ್ಟವೂ ಪುಕ್ಕಟೆಯಲ್ಲ. ಎಪ್ಪತ್ತು ದಾಟಿದವರು ವರ್ಷಕ್ಕೊಮ್ಮೆ ಏಣಿ ಹತ್ತಿ ಇಳಿಯಬೇಕಾಗಿರುವುದೇ ಅದರ ಬಾಡಿಗೆ. ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಆ ವಯಸ್ಸಿನಲ್ಲಿ ಎದ್ದು ನಡೆಯಲು ತಿಂಗಳುಗಳೇ ಬೇಕು, ಕೆಲವರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಹಾಗಾಗಿ ಅಟ್ಟ ಇಳಿಸುವುದನ್ನು ಹಬ್ಬಕ್ಕೆ ಮೊದಲೇ ಮುಗಿಸಿಬಿಡುವ ಪದ್ಧತಿಯನ್ನು ಕೊಂಚ ಬದಲಿಸಬಹುದು. ಗೋಡೆ, ನೆಲ, ಪಾತ್ರೆಗಳ ಕೆಲಸ ಮೊದಲು ನಡೆಯಲಿ. ಅಟ್ಟದ ಕೆಲಸ ಮಕ್ಕಳು ಊರಿಗೆ ಬಂದ ದಿನಕ್ಕಿರಲಿ.

ಪ್ರತಿ ವಸ್ತುವನ್ನೂ ಅದರ ವಾರಸುದಾರರ ಮುಂದಿಟ್ಟು ಕೇಳಬೇಕಾದ್ದು, ಇದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು. ನಗರದ ಮನೆಗೋ, ಬೇರೆಯವರಿಗೋ, ಗುಜರಿಗೋ? ಮತ್ತೆ ಅಟ್ಟಕ್ಕೇ ಎಂದಾದರೆ ಯಾವಾಗ ಒಯ್ಯುತ್ತೀರಿ ಎಂದು ಪೆಟ್ಟಿಗೆಯ ಮೇಲೆ ಹೆಸರು, ತಿಂಗಳು, ಇಸವಿ ಬರೆಯಿಸಬೇಕು. ಮುಂದಿನ ಯುಗಾದಿಗೆ ಅದೇ ಬರಹ ವಾದ ಬಗೆಹರಿಸುತ್ತದೆ. ಮದುವೆ ಮನೆಗಳಲ್ಲಿ ಉಗ್ರಾಣದ ಕೀಲಿ ಹಿಡಿದವರು ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲವನ್ನೂ ಪಟ್ಟಿ ಮಾಡುತ್ತಾರಲ್ಲ, ಮನೆಗೂ ಅಂಥದ್ದೊಂದು ಪಟ್ಟಿ ಇರುವುದು ಒಳ್ಳೆಯದು. ಈ ಸಾಲುಗಳನ್ನು ಬರೆಯುವಾತನ ಸ್ವಂತ ಊರಿನ ಅಟ್ಟದ ಮೇಲೆ ಹದಿನೇಳು ಇಂಚಿನ ಮಾನಿಟರ್ ಒಂದು ಹಲವು ಯುಗಾದಿಗಳನ್ನು ಕಂಡಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹೊರಗೆ ಹೋದದ್ದು ಎಲ್ಲಿಗೆ?

ಮನೆಯಿಂದ ಹೊರಬಿದ್ದ ಮಾತ್ರಕ್ಕೆ ವಸ್ತು ಇಲ್ಲವಾಗುವುದಿಲ್ಲ. ಹಬ್ಬದ ಹಿಂದಿನ ವಾರ ಹೊಳೆಯ ದಂಡೆ, ಕೆರೆ ಏರಿ, ಅರಳಿಕಟ್ಟೆಗಳನ್ನು ನೋಡಿದವರಿಗೆ ಇದು ತಿಳಿದೇ ಇದೆ. ಹಳೆಯ ಬಟ್ಟೆ ಗಂಟುಗಳು ತುಂಗಭದ್ರೆಯ ಪಾಲಾಗುತ್ತವೆ. ಗಾಜು ಒಡೆದ ದೇವರ ಪಟಗಳು ಅರಳಿಮರದ ಬುಡ ಸೇರುತ್ತವೆ. ದೇವರ ಪಟವನ್ನು ಕಸದ ಗಾಡಿಗೆ ಹಾಕಲು ಮನಸ್ಸೊಪ್ಪದಿರುವುದು ಸಹಜ. ಚೌಕಟ್ಟು, ಗಾಜು ಬೇರ್ಪಡಿಸಿ, ಚಿತ್ರದ ಕಾಗದವನ್ನಷ್ಟೇ ಹಿತ್ತಿಲ ಗಿಡದ ಬುಡದಲ್ಲಿ ಹೂತರೆ ಭಕ್ತಿಗೂ ಊನವಿಲ್ಲ, ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವವರಿಗೂ ಕ್ಷೇಮ.

ಬಟ್ಟೆಯ ವಿಚಾರದಲ್ಲಿ ಈ ಸೀಮೆಗೆ ತನ್ನದೇ ಉತ್ತರವಿದೆ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಹೊಲಿಯುವ ಕೈಗಳು ಕಡಿಮೆಯಾಗಿವೆ ನಿಜ, ಪಾಲಿಯೆಸ್ಟರ್ ಸೀರೆಯಿಂದ ಒಳ್ಳೆಯ ಕೌದಿ ಆಗುವುದಿಲ್ಲವೆಂಬುದೂ ನಿಜ. ಆದರೂ ಹತ್ತಿ ಬಟ್ಟೆಯನ್ನು ಬೇರೆ ಗಂಟು ಕಟ್ಟಿಟ್ಟರೆ ಹೊಲಿಯುವವರು ಸಿಗುತ್ತಾರೆ. ನ್ಯಾಮತಿ ತಾಲ್ಲೂಕಿನಲ್ಲಿ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪವಿದೆ, ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಅಜ್ಜಿಯರ ಕಾಲದ ಕನ್ನಡಿ ಕಸೂತಿಯ ಲಂಗ, ರವಿಕೆಗಳು ಪೆಟ್ಟಿಗೆಯ ತಳದಲ್ಲಿದ್ದರೆ ಹಳೆಬಟ್ಟೆಗೆ ಪಾತ್ರೆ ಕೊಡುವವರ ಕೈಗೆ ಅವನ್ನು ಸುಮ್ಮನೆ ಒಪ್ಪಿಸಬಾರದು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕೈಹೊಲಿಗೆಯ ಹಳೆಯ ಉಡುಪಿಗೆ ಸಂಗ್ರಹಕಾರರಲ್ಲಿ ಸ್ಟೀಲ್ ಡಬರಿಗಿಂತ ಎಷ್ಟೋ ಹೆಚ್ಚಿನ ಬೆಲೆಯಿದೆ.

ಬಳಸಬಹುದಾದ ಪುಸ್ತಕ, ಆಟಿಕೆ, ಬಟ್ಟೆಗಳನ್ನು ಸ್ವೀಕರಿಸಲು ನಗರ ಸ್ಥಳೀಯ ಸಂಸ್ಥೆಗಳು 2023ರ ಮೇ ತಿಂಗಳ ರಾಷ್ಟ್ರೀಯ ಅಭಿಯಾನದಲ್ಲಿ 'ಆರ್‌ಆರ್‌ಆರ್' ಕೇಂದ್ರಗಳನ್ನು ತೆರೆದಿದ್ದವು. ನಿಮ್ಮ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಬಹುದು. ಹಳೆಯ ಡಬ್ಬದ ಟಿ.ವಿ., ಮಾನಿಟರ್‌ಗಳನ್ನು ಮಾತ್ರ ಗುಜರಿಯಲ್ಲಿ ಒಡೆಸಬಾರದು. ಅವುಗಳ ಕೊಳವೆಯ ಗಾಜಿನಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯ ನಿಯಮಗಳು 2012ರಿಂದ ಜಾರಿಯಲ್ಲಿವೆ, 2023ರ ಏಪ್ರಿಲ್‌ನಿಂದ ಪರಿಷ್ಕೃತ ರೂಪದಲ್ಲಿವೆ. ನೋಂದಾಯಿತ ಸಂಸ್ಕರಣಕಾರರಿಗೆ ತಲುಪಿಸುವುದು ನಗರದಲ್ಲಿ ಸುಲಭವಾದ್ದರಿಂದ ಹಬ್ಬ ಮುಗಿಸಿ ಹಿಂದಿರುಗುವ ಕಾರಿನ ಡಿಕ್ಕಿಯೇ ಇವಕ್ಕೆ ಸರಿಯಾದ ವಾಹನ.

ಕಾಗದಗಳ ಟ್ರಂಕು

ಟ್ರಂಕಿನೊಳಗಿನ ಕಾಗದಕ್ಕೆ ಅವಸರ ಸಲ್ಲದು. ಪಹಣಿ 'ಭೂಮಿ' ಯೋಜನೆಯಿಂದಾಗಿ 2000ದ ದಶಕದ ಆರಂಭದಲ್ಲೇ ಗಣಕೀಕೃತವಾಯಿತು, ಹೊಸ ಪ್ರತಿ ಎಂದಾದರೂ ತೆಗೆಯಬಹುದು. ಆದರೆ ಮೂಲ ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರ, ಕೈಬರಹದ ಹಳೆಯ ಪಹಣಿಗಳು ಭಾಗದ ವ್ಯಾಜ್ಯ ಎದ್ದಾಗಲೇ ಬೆಲೆ ತೋರುವಂಥವು. ಇವನ್ನು ಒಂದೊಂದಾಗಿ ಓದದೆ ಹರಿಯಬಾರದು, ಲ್ಯಾಮಿನೇಷನ್ ಮಾಡಿಸಲೂ ಬಾರದು. ಹೊನ್ನಾಳಿಯ ತಗ್ಗು ಬಡಾವಣೆಗಳವರಿಗೆ 2019ರ ಆಗಸ್ಟ್‌ನ ನೆರೆ ನೆನಪಿರುತ್ತದೆ. ಹೊಳೆ ಹತ್ತಿರವಿರುವ ಮನೆಗಳಲ್ಲಿ ಕಾಗದದ ಟ್ರಂಕಿಗೆ ಮಾತ್ರ ಅಟ್ಟವೇ ಯೋಗ್ಯ ಸ್ಥಳ.

ಟ್ರಂಕಿನಲ್ಲಿ ಓಲೆಗರಿಯ ಕಟ್ಟು ಸಿಕ್ಕರೆ ಅದನ್ನು ಹೊಳೆಗೆ ಬಿಡುವ ಮುನ್ನ ಒಂದು ಸಂಗತಿ ತಿಳಿದಿರಲಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ದೊರೆತದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿ ಪ್ರತಿಯಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ನಿಮ್ಮ ಕಟ್ಟಿನಲ್ಲಿರುವುದು ಪಂಚಾಂಗವೋ ನಾಟಿವೈದ್ಯವೋ ಆಗಿರಬಹುದು. ಇದನ್ನು ಗುರುತಿಸಬಲ್ಲವರು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲೂ ಇರುತ್ತಾರೆ.

ಮೂರು ಎಚ್ಚರಿಕೆಗಳು

ಕಾಳಿನ ಹುಳುವಿಗೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ವಾಸದ ಮನೆಯಲ್ಲಿ ಎಂದೂ ಬಳಸಬಾರದು. 3 ಗ್ರಾಂ ತೂಕದ ಒಂದು ಗುಳಿಗೆ ಗಾಳಿಯ ತೇವ ತಗುಲಿದೊಡನೆ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಆ ಕೋಣೆಯಲ್ಲಿ, ಪಕ್ಕದ ಕೋಣೆಯಲ್ಲಿ ಮಲಗಿದವರೂ ಸಾಯಬಹುದು. ಇದರ ಬಳಕೆ ತರಬೇತಿ ಪಡೆದ ಪರಿಣತರಿಗಷ್ಟೇ ಸೀಮಿತ. ಮನೆಯ ಕಾಳಿಗೆ ಬಿಸಿಲು, ಬೇವಿನ ಸೊಪ್ಪು, ಬೇಳೆಗೆ ಸವರಿದ ಹರಳೆಣ್ಣೆ, ತೊಗರಿಗೆ ಕಟ್ಟಿದ ಕೆಮ್ಮಣ್ಣು ಸಾಕು. ಅಟ್ಟದಲ್ಲಿ ಇಂಥ ಗುಳಿಗೆಯ ಡಬ್ಬಿ ಸಿಕ್ಕರೆ ಮುಚ್ಚಳ ತೆಗೆಯದೆ, ನೀರು ತಾಗಿಸದೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಬೇಕು.

ಎರಡನೆಯದು ಹಳೆಯ ಕೀಟನಾಶಕದ ಬಾಟಲಿಗಳು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರ ಮೇನಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ಡಬ್ಬಗಳು ಕೊಟ್ಟಿಗೆಯ ಅಟ್ಟದಲ್ಲಿ ಇರಲಾರವೆಂದು ಹೇಳುವಂತಿಲ್ಲ. ತುಂಬಿದ್ದನ್ನು ಮೋರಿಗೆ ಸುರಿಯುವುದಾಗಲಿ, ಖಾಲಿ ಡಬ್ಬವನ್ನು ತೊಳೆದು ಸೀಮೆಎಣ್ಣೆಗೋ ಎಣ್ಣೆಗೋ ಬಳಸುವುದಾಗಲಿ ಕೂಡದು. ಖಾಲಿಯಾದುದಕ್ಕೆ ತೂತು ಕೊರೆದು ನಿರುಪಯುಕ್ತಗೊಳಿಸಬೇಕು.

ಮೂರನೆಯದು ಹಗೇವು. ಬಹಳ ಕಾಲ ಮುಚ್ಚಿಟ್ಟ ಹಗೇವಿನೊಳಗೆ ಧಾನ್ಯವೇ ಉಸಿರಾಡಿ ಆಮ್ಲಜನಕ ತೀರಿಸಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು ಹಿಂದಿನವರು. ದೀಪ ಉರಿದರೂ ಗಾಳಿ ಪೂರ್ತಿ ಸುರಕ್ಷಿತವೆಂದು ಹೇಳಲಾಗದು ಎಂಬುದು ಇಂದಿನ ತಿಳಿವಳಿಕೆ. ಹೊಸ ಮನೆ ಕಟ್ಟಲು ಹಳೆಯ ಮನೆ ಕೆಡವುವಾಗ ಮರೆತ ಹಗೇವು ಬಾಯ್ದೆರೆಯುವುದುಂಟು. ಆಗ ಒಳಗಿಳಿಯದೆ, ಇಳಿದು ಬಿದ್ದವರನ್ನು ಎತ್ತಲು ಇನ್ನೊಬ್ಬರು ಧುಮುಕದೆ, ಅಗ್ನಿಶಾಮಕ ದಳವನ್ನು ಕರೆಯಬೇಕು. ತುರ್ತು ದೂರವಾಣಿ ಸಂಖ್ಯೆ 112.